ಟ್ಯಾಂಕಿನೊಳಗೆ ಏನಿದೆ ಸ್ವಾಮಿ?

ಊರ ಪಕ್ಕದಲ್ಲಿ ಕಾರ್ಖಾನೆ, ಕಾರ್ಖಾನೆಯೊಳಗೆ ಸಾಹೇಬರು ಇರುವ ತನಕ ನಗುವುದಕ್ಕೆ ನಮಗೆ ಬರವಿಲ್ಲ. ಅಳುವುದಕ್ಕೂ ಇಲ್ಲ, ಆದರೆ ಅತ್ತರೆ ಕೇಳುವವರು ಯಾರು?

ನಾನು ಆಗ ಕೆಲಮಂಗಲದ ದಾರಿಯ ಒಂದು ಕಾರ್ಖಾನೆಯಲ್ಲಿ ಫಿಟ್ಟರ್. ತಮಿಳು, ತೆಲುಗು, ಕನ್ನಡ ಮೂರೂ ಬೆರೆತ ಗಡಿ ಸೀಮೆ ನಮ್ಮದು. ಊರ ಬಾವಿಯ ಮಗ್ಗುಲಲ್ಲೇ ಕಂಪನಿಯವರು ದೊಡ್ಡ ಬಿಳಿ ಟ್ಯಾಂಕ್ ನಿಲ್ಲಿಸಿದ್ದರು. ಭೋಪಾಲದ ಸುದ್ದಿ ಬಂದ ಮೇಲೆ ನಮ್ಮದು ಒಂದೇ ಪ್ರಶ್ನೆ: ಅದರೊಳಗೆ ಏನಿದೆ? ಒಡೆದರೆ ಸಾಯುವವರು ನಾವು. ಕೇಳುವ ಹಕ್ಕು ಮಾತ್ರ ನಮಗಿಲ್ಲ!

೧. ಕಂಪನಿ ಗುಟ್ಟು

ನೇರವಾಗಿ ಮ್ಯಾನೇಜರನ್ನೇ ಕೇಳಿದೆ.

"ಅದು ಕಂಪನಿ ಗುಟ್ಟು" ಎಂದರು.

"ಒಡೆದ ಮೇಲಾದರೂ ಹೇಳ್ತೀರಾ ಸಾರ್?"

"ಒಡೆದ ಮೇಲೆ ನಾನ್ಯಾಕೆ ಹೇಳಲಿ? ತಾನಾಗೇ ಗೊತ್ತಾಗುತ್ತೆ!"

೨. ಪಕ್ಷವಿಲ್ಲದ ಯಂತ್ರ

ಊರವರೂ ಕೆಲಸಗಾರರೂ ಓಟು ಹಾಕಿ ಆರಿಸಿದವರು ಟ್ಯಾಂಕಿನ ಮೇಲೆ ಕಣ್ಣಿಡಲಿ ಎಂದು ಗಲಾಟೆ ಮಾಡಿದೆವು. ಮ್ಯಾನೇಜರು ನಮ್ಮನ್ನು ಒಳಗೆ ಕರೆದು ಗೋಡೆಯ ಮೇಲಿನ ಪರದೇಶದ ಯಂತ್ರ ತೋರಿಸಿದರು.

"ಇದಕ್ಕೆ ಜಾತಿಯಿಲ್ಲ, ಪಕ್ಷವಿಲ್ಲ. ಗ್ಯಾಸ್ ಸೋರಿದರೆ ಕೆಂಪು ದೀಪ ಹತ್ತುತ್ತೆ. ನಿಮ್ಮ ಓಟು ಯಾಕೆ?"

ಅಷ್ಟರಲ್ಲಿ ಕರೆಂಟು ಹೋಯಿತು. ಯಂತ್ರವೂ ಸತ್ತಿತು.

"ಈಗ ಸೋರಿದರೆ ಸಾರ್?" ಎಂದೆ.

"ಕೆಂಪು ದೀಪ ಹತ್ತಿಲ್ಲವಲ್ಲ. ಅಂದರೆ ಸೋರಿಲ್ಲ."

ಜೊತೆಗಿದ್ದ ಉದ್ದನಪಲ್ಲಿಯ ಟರ್ನರ್ ಕೈಮುಗಿದ. "ಹಂಗಾದ್ರೆ ಕರೆಂಟ್ನೇ ತೆಗೆಸ್ಬುಡಿ ಸಾರ್. ಜಲ್ಮಕ್ಕೂ ಸೋರಾಕಿಲ್ಲ!"

೩. ಐದನೆಯವನು

ಗೇಟಿನ ಮುಂದೆ ಸಭೆ ಮಾಡುತ್ತೇವೆ ಎಂದೆವು. ಐದು ಜನ ಸೇರಿದರೆ ಕೇಸು ಎಂದರು ಪೊಲೀಸ್ ಇನ್ಸ್‌ಪೆಕ್ಟರು. ಅವತ್ತಿನಿಂದ ಟೀ ಅಂಗಡಿಯಲ್ಲಿ ನಾಲ್ಕು ಜನ ಕೂತರೆ, ಐದನೆಯವನು ರಸ್ತೆಯಾಚೆ ನಿಂತು ಯಾರು ಏಳುತ್ತಾರೋ ಎಂದು ಕಾಯಬೇಕು.

ನನಗೆ ರೇಗಿತು. "ಸಾರ್, ಆ ಟ್ಯಾಂಕ್ ಒಡೆದರೆ ಹೆಣ ಹೊರೋರು ನಾಲ್ಕು ಜನ, ಹೆಣ ಸೇರಿ ಐದಾಯ್ತು. ಅದಕ್ಕೂ ಕೇಸಾ?"

ಇನ್ಸ್‌ಪೆಕ್ಟರು ನಿಜವಾಗಿಯೂ ಯೋಚಿಸಿದರು. "ಹೆಣ ಘೋಷಣೆ ಕೂಗಲ್ಲ. ಪರವಾಗಿಲ್ಲ, ಹೊತ್ಕೊಂಡು ಹೋಗಿ."

೪. ಸೈರನ್

ಕೃಷ್ಣಗಿರಿಯಿಂದ ಸರ್ಕಾರದ ದೊಡ್ಡ ಅಧಿಕಾರಿ ಕಾರ್ಖಾನೆ ನೋಡಲು ಬಂದರು. ಅಪಾಯದ ಸೈರನ್ ಕೂಗಿಸಿದರೆ ಊರು ದೂರ ಓಡಬೇಕು, ಅದರ ತಾಲೀಮು. ಊರಿಗೆ ಮಾತ್ರ ಯಾರೂ ಹೇಳಿರಲಿಲ್ಲ. ಹೇಳಬೇಕೆಂದರೆ ಸಭೆ ಸೇರಿಸಬೇಕಲ್ಲ!

ಸೈರನ್ ಕೂಗಿತು. ನಮ್ಮ ಕಡೆ ಬಣವೆಗೆ ಬೆಂಕಿ ಬೀಳಲಿ, ಹಸು ಬಾವಿಗೆ ಬೀಳಲಿ, ಕೂಗು ಕೇಳಿದ ಕಡೆಗೇ ಇಡೀ ಊರು ಓಡುವುದು ವಾಡಿಕೆ. ಹೆಂಗಸರು ಬಿಂದಿಗೆ ನೀರು, ಗಂಡಸರು ಹಗ್ಗ, ಹಾರೆ ಹಿಡಿದು ಗೇಟು ತಳ್ಳಿಕೊಂಡು ಒಳಗೇ ನುಗ್ಗಿದರು.

ಮ್ಯಾನೇಜರು ಕುರ್ಚಿ ಹತ್ತಿ ಕಿರುಚಿದರು. "ಈ ಕಡೆ ಬರಬೇಡಿ! ಆ ಕಡೆ ಓಡಿ!"

ಬಿಂದಿಗೆ ಹೊತ್ತ ಅಜ್ಜಿಯೊಬ್ಬಳು ಉಗಿದಳು. "ಬೆಂಕಿ ಬಿದ್ದೋರ್ನ ಬುಟ್ಟು ಓಡೋಗಾಕೆ ನಾವೇನು ನಿನ್ನಂಗೆ ಓದಿದೋರೇನಪ್ಪಾ? ಎಲ್ಲೈತೆ ಬೆಂಕಿ, ತೋರ್ಸು!"

"ಬೆಂಕಿಯಲ್ಲಮ್ಮಾ, ಗ್ಯಾಸು!"

"ಯಾವ ಗ್ಯಾಸು?"

ಇಡೀ ಊರು ಕುರ್ಚಿಯ ಕಡೆ ತಿರುಗಿತು. ಕೃಷ್ಣಗಿರಿಯ ಅಧಿಕಾರಿಯೂ ಮ್ಯಾನೇಜರ ಮುಖವನ್ನೇ ನೋಡಿದರು. ಮ್ಯಾನೇಜರು ಅಧಿಕಾರಿಯ ಜೊತೆ ಬಂದಿದ್ದ ಇನ್ಸ್‌ಪೆಕ್ಟರ ಕಡೆ ಬಗ್ಗಿದರು. "ಐದಲ್ಲ, ಐನೂರು ಜನ ಸೇರಿದ್ದಾರೆ. ಕೇಸು ಹಾಕಿ!"

"ಯಾರ ಮೇಲೆ ಸಾರ್? ಕೂಗಿ ಕರೆದೋರು ನೀವು."

ಮ್ಯಾನೇಜರು ಬೆವರು ಒರೆಸಿಕೊಂಡರು. ಕುರ್ಚಿಯ ಮೇಲೆ ನಿಂತೇ ಟ್ಯಾಂಕಿನಲ್ಲಿ ಏನಿದೆ ಎಂದು ತಮಿಳಿನಲ್ಲಿ ಹೇಳಿದರು. ಹಿಂದೆ ನಿಂತವರು ತೆಲುಗಿನಲ್ಲಿ ಹೇಳಿ ಎಂದರು, ಹೇಳಿದರು. ನಾವು ಕನ್ನಡದಲ್ಲಿ ಹೇಳಿ ಎಂದೆವು, ಅದನ್ನೂ ಹೇಳಿದರು.

ಮೂರು ಭಾಷೆಯಲ್ಲೂ ಅಮೋನಿಯಾನೇ.