ಹಾಲು ಹಾಕಿ ಬಂದ ಮೇಲೆ ಒಂದು ಮಾತ್ರೆ

ಆಸ್ಪತ್ರೆಯಲ್ಲಿ ಕೆಲಸ ಮಾಡೋರಿಗೆ ನಗೋಕೆ ಪುರುಸೊತ್ತಿರಲ್ಲ, ಆದರೆ ನಗು ಬರೋ ಸಂಗತಿಗಳು ಅದನ್ನೆಲ್ಲ ಕೇಳ್ಕೊಂಡು ಬರ್ತಾವಾ? ನಾನು ರೆಸಿಡೆನ್ಸಿ ಮಾಡಿದ ಒಂದು ವರ್ಷದಲ್ಲಿ ವಾರಕ್ಕೊಂದರಂತೆ ಬಂದವು. ಆಗ ಒಂದಕ್ಕೂ ನಗಲಿಲ್ಲ. ಯಾಕೆ ಅಂತ ಮೊದಲು ಹೇಳಿಬಿಡ್ತೀನಿ.

ನಮ್ಮೂರು ಗೌರಿಬಿದನೂರು. ಫಾರ್ಮಸಿಯನ್ನ ಆರು ವರ್ಷ ಓದಿ, ಸಾಲದು ಅಂತ ಚಿಕ್ಕಬಳ್ಳಾಪುರದ ಕಡೆಯ ಒಂದು ಸಣ್ಣ ಆಸ್ಪತ್ರೆಯಲ್ಲಿ ಇನ್ನೊಂದು ವರ್ಷ ತರಬೇತಿಗೆ ಸೇರಿದೆ. ವಾರ್ಡಿನಲ್ಲಿ ಡಾಕ್ಟರ ಹಿಂದೆ ಓಡಾಡಿ, ರೋಗಿಗೆ ಕೊಡೋ ಔಷಧಿಯಲ್ಲಿ ಏನಾದರೂ ಎಡವಟ್ಟಿದ್ದರೆ ಸಲಹೆ ಬರೆದುಕೊಡೋದು ಕೆಲಸ. ಸಲಹೆ ಒಪ್ಪಿದರೆ ಡಾಕ್ಟರು ನನ್ನ ಲಾಗ್‌ಬುಕ್ಕಿನಲ್ಲಿ ಸಹಿ ಹಾಕಬೇಕು. ಕಿರಿಯ ಡಾಕ್ಟರುಗಳ ಸಹಿ ಎಷ್ಟಿದ್ದರೂ, ಯೂನಿಟ್ ಮುಖ್ಯಸ್ಥರಾದ ದೊಡ್ಡ ಡಾಕ್ಟರ ಸಹಿ ಒಂದಾದರೂ ಇಲ್ಲದಿದ್ದರೆ ಸರ್ಟಿಫಿಕೇಟ್ ಇಲ್ಲ. ಒಂದೇ ಒಂದು ಸಹಿ. ಏನ್ ಮಹಾ ಅಂದ್ಕೊಂಡಿದ್ದೆ.

ಕೋಟು ಯಾರದ್ದು

ಮೊದಲನೇ ದಿನವೇ ಹೆಂಗಸರ ವಾರ್ಡಿನಲ್ಲಿ ಒಬ್ಬ ಅಜ್ಜಿ ಕರೆದರು.

"ನೀನು ಡಾಕ್ಟ್ರಮ್ಮನಾ?"

"ಅಲ್ಲಜ್ಜಿ."

"ನರ್ಸಮ್ಮನಾ?"

"ಅಲ್ಲ."

"ಮತ್ತೆ ಈ ಕೋಟು ಯಾರ್ದು ಹಾಕ್ಕೊಂಡು ಬಂದಿದ್ದೀಯಾ?"

ನಾನು ಮಂಚದ ಪಕ್ಕ ನಿಂತು ತಾಳ್ಮೆಯಿಂದ ವಿವರಿಸಿದೆ. ಡಾಕ್ಟರು ಬರೆದ ಔಷಧಿ ನಿಮಗೆ ಒಗ್ಗುತ್ತಾ, ಒಂದಕ್ಕೊಂದು ಕಿತ್ತಾಡುತ್ತಾ ಅಂತ ನೋಡೋದು ನನ್ನ ಕೆಲಸ ಅಂದೆ. ಅಜ್ಜಿ ತಲೆದೂಗಿ ಕೇಳಿದರು. ಚೆನ್ನಾಗಿ ಅರ್ಥ ಆಯ್ತು ಅನ್ನೋದು ಐದೇ ನಿಮಿಷದಲ್ಲಿ ಗೊತ್ತಾಯಿತು. ದೊಡ್ಡ ಡಾಕ್ಟರು ಇಡೀ ಪರಿವಾರದ ಜೊತೆ ರೌಂಡ್ಸಿಗೆ ಬಂದು ಅಜ್ಜಿಯ ಕೈ ಹಿಡಿದು ನಾಡಿ ನೋಡ್ತಿದ್ದರು. ಅಜ್ಜಿ ಅವರ ಕೈ ಮೇಲೆ ತಮ್ಮ ಇನ್ನೊಂದು ಕೈ ಇಟ್ಟು ಸಮಾಧಾನ ಹೇಳಿದರು.

"ನೀವೇನೂ ಹೆದ್ರಬೇಡಿ ಸ್ವಾಮಿ. ನೀವು ತಪ್ಪು ಬರೆದ್ರೂ ಈ ಮಗು ತಿದ್ದುತ್ತಂತೆ."

ದಮ್ಮು

ದಿಬ್ಬೂರಹಳ್ಳಿಯಿಂದ ಒಬ್ಬರು ರೇಷ್ಮೆ ಬೆಳೆಗಾರರು ಉಬ್ಬಸಕ್ಕೆ ಬರ್ತಿದ್ದರು. ಬಾಯಿಗೆ ಹೊಡ್ಕೊಳ್ಳೋ ಇನ್‌ಹೇಲರ್ ಕೊಟ್ಟು ಎರಡು ತಿಂಗಳಾದರೂ ಉಬ್ಬಸ ಹಾಗೇ ಇತ್ತು. ಹೆಚ್ಚಿನವರು ಅದನ್ನ ಸರಿಯಾಗಿ ಎಳ್ಕೊಳ್ಳಲ್ಲ, ಅದಕ್ಕೇ ಒಂದ್ಸಲ ತೋರಿಸಿ ಅಂದೆ. ನಾನು ಪಾಠ ಮಾಡೋವಾಗಲೂ ಅಷ್ಟು ಚೆನ್ನಾಗಿ ಮಾಡಿರಲಿಲ್ಲ, ಹಾಗೆ ಎಳ್ಕೊಂಡರು.

"ಮನೆಯಲ್ಲೂ ಹಿಂಗೇ ತಗೊಳ್ತೀರಾ?"

"ಮನೇಲಿ ಎಲ್ಲಾಗ್ತದಮ್ಮ? ಹುಳ ಅವೆ. ಈ ಗ್ಯಾಸು ಹುಳಕ್ಕೆ ಆಗಲ್ಲ."

ಹುಳ ಸಾಕೋ ಮನೆಯಲ್ಲಿ ಸೊಳ್ಳೆ ಬತ್ತಿ ಹಚ್ಚಲ್ಲ, ಔಷಧಿ ಸಿಂಪಡಿಸಲ್ಲ, ಅದು ನನಗೂ ಗೊತ್ತಿತ್ತು. ಆದರೆ ಈ ಮಹಾನುಭಾವರು ದಮ್ಮು ಬಂದಾಗ ಇನ್‌ಹೇಲರ್ ಜೇಬಿನಲ್ಲಿಟ್ಟುಕೊಂಡು, ಹಿಪ್ಪುನೇರಳೆ ತೋಟ ಪೂರ್ತಿ ದಾಟಿ, ಆ ಕಡೆ ಬೇವಿನ ಮರದ ಕೆಳಗೆ ಹೋಗಿ ಎಳ್ಕೊಂಡು, ಮತ್ತೆ ತೋಟ ದಾಟಿ ಬರ್ತಿದ್ದರು. ಬರೋಷ್ಟರಲ್ಲಿ ನಡೆದ ಸುಸ್ತಿಗೆ ಮತ್ತೆ ದಮ್ಮು.

"ಅಲ್ಲ ಯಜಮಾನ್ರೇ, ದಾರಿಯಲ್ಲೇ ಜೋರಾಗಿ ಬಂದು ಬಿದ್ದುಬಿಟ್ಟರೆ?" ಅಂದೆ, ಸ್ವಲ್ಪ ಕೋಪದಲ್ಲೇ.

"ನಂಗೆ ಏನಾದ್ರೂ ಆದ್ರೆ ನೀವಿದ್ದೀರಲ್ಲಮ್ಮ. ಹುಳಕ್ಕೆ ಯಾರವ್ರೆ?"

ಬೀದಿ ಡಬ್ಬ

ಮನೆಯಲ್ಲಿರೋ ಮಾತ್ರೆಗಳನ್ನೆಲ್ಲ ತನ್ನಿ, ನೋಡ್ತೀನಿ ಅಂತ ರೋಗಿಗಳಿಗೆ ಹೇಳೋದೂ ನನ್ನ ಕೆಲಸ. ಚಿಂತಾಮಣಿ ಕಡೆಯ ಒಬ್ಬ ಅಮ್ಮನಿಗೆ ಹೇಳಿದೆ. ಮಾರನೇ ದಿನ ಬಿಸ್ಕತ್ತಿನ ಡಬ್ಬ ಹಿಡ್ಕೊಂಡು ಬಂದರು. ಹಿಂದೆ ಇನ್ನೂ ನಾಲ್ಕು ಜನ ಹೆಂಗಸರು.

"ಇವರು ಯಾರಮ್ಮ?"

"ಡಬ್ಬ ಇವರದೂ ಅಲ್ವಾ? ವಾಪಸ್ ಬರ್ತದೋ ಇಲ್ವೋ ಅಂತ ಜೊತೇಲೇ ಬಂದವ್ರೆ."

ಐದು ಮನೆ ಮಾತ್ರೆ ಒಂದೇ ಡಬ್ಬದಲ್ಲಿ. ಕಾಗದ ಕಿತ್ತು, ಬಣ್ಣ ನೋಡಿ ವಿಂಗಡಿಸಿದ್ದರು. ಬಿಳಿದು ಮಂಡಿಗೆ, ಹಳದಿ ಗ್ಯಾಸಿಗೆ.

"ಈ ಗುಲಾಬಿದು ಯಾರದ್ದು?"

"ಅದು ಶಾನೆ ಒಳ್ಳೇದು ತಲ್ಲಿ. ಯಾರಿಗೆ ಬೇಜಾರಾದ್ರೂ ಒಂದು ಹಾಕ್ಕೊಳ್ತೀವಿ."

ಅದು ಸಕ್ಕರೆ ಕಾಯಿಲೆ ಮಾತ್ರೆ. ಐದೂ ಜನರನ್ನ ಕೂರಿಸಿ, ಒಬ್ಬೊಬ್ಬರದೂ ಬೇರೆ ಮಾಡಿ, ಐದು ಕವರಿಗೆ ಹಾಕಿ, ಗಂಟೆಗಟ್ಟಲೆ ತಿಳಿಹೇಳಿದೆ. ಇಷ್ಟು ದೊಡ್ಡ ಕೆಲಸಕ್ಕೆ ಸಹಿ ಸಿಗದೇ ಇರುತ್ತಾ? ಲಾಗ್‌ಬುಕ್ ಹಿಡ್ಕೊಂಡು ನೇರ ದೊಡ್ಡ ಡಾಕ್ಟರ ಹತ್ರ ಓಡಿದೆ.

ಅವರು ಓದಿ, ಕನ್ನಡಕ ಮೇಲೆ ಮಾಡಿ ಕೇಳಿದರು. "ರೋಗಿ ಯಾರಮ್ಮ?"

"ಒಂದು ಬೀದಿ ಸಾರ್."

"ಬೀದಿಗೆಲ್ಲ ನಾನು ಸಹಿ ಹಾಕಲ್ಲ. ಅದಕ್ಕೆ ಪುರಸಭೆ ಇದೆ."

ಹಾಲು ಹಾಕಿ ಬಂದ ಮೇಲೆ

ವರ್ಷ ಮುಗಿಯೋಕೆ ಎರಡು ವಾರ ಉಳಿದಿತ್ತು. ದೊಡ್ಡ ಡಾಕ್ಟರ ಸಹಿ ಇನ್ನೂ ಇಲ್ಲ. ಮನೆಯಲ್ಲಿ ಅಪ್ಪ ಆಗಲೇ "ಸುಮ್ನೆ ಒಂದು ಮೆಡಿಕಲ್ ಸ್ಟೋರ್ ಇಟ್ಕೋ ಕಣಮ್ಮ" ಅನ್ನೋಕೆ ಶುರು ಮಾಡಿದ್ದರು.

ಆ ಹೊತ್ತಿಗೆ ಜಂಗಮಕೋಟೆಯ ಒಬ್ಬ ಯಜಮಾನರು ಬಂದರು. ಐವತ್ತೆಂಟು ವರ್ಷ, ಬಿಪಿ. ವರ್ಷದ ಶುರುವಿನಲ್ಲಿ ಅವರು ಮಾತ್ರೆ ಮರೀತಾರೆ ಅಂತ ನಾನೇ ಒಂದು ಉಪಾಯ ಹೇಳಿಕೊಟ್ಟಿದ್ದೆ. ಅವರಿಗೆ ಗಡಿಯಾರ ಗೊತ್ತಿಲ್ಲ, ಡೈರಿ ಗೊತ್ತು. ಅದಕ್ಕೇ ಚೀಟಿಯಲ್ಲಿ ದೊಡ್ಡದಾಗಿ ಬರೆದೆ: ಬೆಳಿಗ್ಗೆ ಡೈರಿಗೆ ಹಾಲು ಹಾಕಿ ಬಂದ ಮೇಲೆ ಒಂದು ಮಾತ್ರೆ. ತಿಂಗಳುಗಟ್ಟಲೆ ಬಿಪಿ ಹಿಡಿತದಲ್ಲಿತ್ತು. ನಾನು ಜಂಬದಿಂದ ಎಲ್ಲರಿಗೂ ಹೇಳ್ಕೊಂಡು ಬಂದಿದ್ದೆ.

ಈಗ ನೋಡಿದರೆ ಬಿಪಿ ಮೇಲಕ್ಕೆ ಹೋಗಿ ಕೂತಿದೆ. ಹಿಂದಿನ ತಿಂಗಳೇ ದೊಡ್ಡ ಡಾಕ್ಟರು "ಮೊದಲನೇದರ ಜೊತೆಗೇ ನುಂಗು" ಅಂತ ಎರಡನೇ ಮಾತ್ರೆ ಕೊಟ್ಟಿದ್ದರು. ಇಳಿದಿಲ್ಲ. ಮೂರನೇದು ಬರೆಯೋಕೆ ಪೆನ್ನು ತೆಗೆದರು.

"ಮಾತ್ರೆ ತಪ್ಪಿಸ್ತಿಲ್ಲ ತಾನೆ?"

"ದೇವರಾಣೆ ಇಲ್ಲ ಸ್ವಾಮಿ. ಈಯಮ್ಮ ಹೇಳ್ದಂಗೇ ಮಾಡ್ತಾ ಇದೀನಿ."

ನನಗೇಕೋ ಅನುಮಾನ. "ಹಾಲು ಹಾಕಿ ಬಂದ ಮೇಲೆ ತಾನೆ ಯಜಮಾನ್ರೇ?"

"ಹೂನಮ್ಮ. ಆದ್ರೆ ಹಸದ ಹಾಲು ಬತ್ತೋಗೈತಲ್ಲ, ತುಂಬಿದ ಗಬ್ಬ. ಎರಡು ತಿಂಗಳಿಂದ ಡೈರಿ ಕಡೆ ಹೋಗಿಲ್ಲ."

"ಮತ್ತೆ ಮಾತ್ರೆ?"

"ಹಾಲು ಹಾಕ್ದೆ ಹೆಂಗಮ್ಮ ನುಂಗೋದು? ನೀನೇ ಅಲ್ವಾ ಬರ್ಕೊಟ್ಟಿದ್ದು?" ಅಂತ ಚೀಲದಿಂದ ತೆಗೆದರು. ಎರಡು ತಿಂಗಳ ಮಾತ್ರೆ, ಒಂದೂ ಕದಲದೆ.

ದೊಡ್ಡ ಡಾಕ್ಟರು ಇದ್ಯಾವುದನ್ನೂ ಕೇಳಿಸಿಕೊಳ್ಳದೆ ತಲೆ ಬಗ್ಗಿಸಿ ಬರೀತಿದ್ದರು. ಬಾಯಿ ಮುಚ್ಚಿಕೊಂಡಿದ್ದರೆ, ಹಸು ಈದು ಮತ್ತೆ ಡೈರಿಗೆ ಹಾಲು ಹಾಕಿದ ದಿನ ಈ ಮನುಷ್ಯ ಮೂರೂ ಒಟ್ಟಿಗೆ ನುಂಗಿ ಬಿಪಿ ಕುಸಿದು ಬೀಳ್ತಾರೆ. ಹೇಳಿದರೆ ಸರ್ಟಿಫಿಕೇಟಿಗೆ ಕೈಮುಗಿದು ಗೌರಿಬಿದನೂರಿನಲ್ಲಿ ಅಂಗಡಿ ನೋಡ್ಕೊಬೇಕು. ಅಳು ಬಂತು. ಅಲ್ಲೇ ನಿಂತು ಲಾಗ್‌ಬುಕ್ಕಿನಲ್ಲಿ ಬರೆದೆ: "ಮೂರನೇ ಮಾತ್ರೆ ಬೇಡ, ಎರಡನೇದೂ ಬೇಡ. ಮೊದಲನೇದನ್ನು ದಿನಾ ಹಲ್ಲುಜ್ಜಿದ ಮೇಲೆ ಕೊಡುವುದು. ಬಿಪಿ ಏರಲು ಕಾರಣ: ಹಸು ಬತ್ತಿರುವುದು. ತಪ್ಪು: ನನ್ನದು."

ದೊಡ್ಡ ಡಾಕ್ಟರು ಎರಡು ಸಲ ಓದಿದರು. ಆಮೇಲೆ ಯಜಮಾನರನ್ನ ಕೇಳಿದರು. "ಯಾವಾಗ ಈಯುತ್ತೆ?"

"ಇನ್ನೊಂದು ವಾರದಾಗೆ ಸ್ವಾಮಿ."

"ನಾನೂ ಎರಡನೇ ಮಾತ್ರೆ ಕೊಡೋ ಮುಂಚೆ ಹಸು ವಿಚಾರ ಕೇಳಬೇಕಿತ್ತು" ಅಂದರು, ನನ್ನ ಮುಖ ನೋಡದೆ. ಸಹಿ ಹಾಕಿದರು! ಕೆಳಗೆ ಮುಂದಿನ ತಪಾಸಣೆಯ ಕಾಲಂನಲ್ಲಿ ತಮ್ಮ ಕೈಯಾರೆ ಏನೋ ಬರೆದು ಪುಸ್ತಕ ಮುಚ್ಚಿ ಕೊಟ್ಟರು. ಖುಷಿಗೆ ನಾನು ಅದನ್ನ ಓದಲೇ ಇಲ್ಲ.

ಓದಿದವರು ಕೊನೇ ಪರೀಕ್ಷೆಗೆ ಹೊರಗಿನಿಂದ ಬಂದಿದ್ದ ಪರೀಕ್ಷಕರು. ಆ ಪುಟದ ಮೇಲೆ ಅವರ ಬೆರಳು ನಿಂತುಬಿಟ್ಟಿತು.

"ರೋಗಿ ಗಂಡಸು. ಐವತ್ತೆಂಟು ವರ್ಷ."

"ಹೌದು ಸಾರ್."

"ಮುಂದಿನ ತಪಾಸಣೆ, ಕರು ಹಾಕಿದ ಮೇಲೆ."

ಎಲ್ಲಾ ಬಿಡಿಸಿ ಹೇಳಿದೆ. ಅವರು ಮುಖದಲ್ಲಿ ಒಂದು ಗೆರೆಯೂ ಅಲುಗಿಸದೆ ಕೇಳಿ, "ಹಾಕ್ತಾ?" ಅಂದರು.

"ಹಾಕ್ತು ಸಾರ್. ಹೆಣ್ಣು ಕರು."

"ಬಿಪಿ?"

"ಈಗ ಪರವಾಗಿಲ್ಲ ಸಾರ್. ಹಲ್ಲುಜ್ಜಿದ ಮೇಲೆ ಒಂದು ನುಂಗಿ ಅಂತ ಬರೆದುಕೊಟ್ಟಿದ್ದೀನಿ."

ಪಾಸು ಅಂತ ಬರೆದು, ಪುಸ್ತಕ ನನ್ನ ಕಡೆ ತಳ್ಳಿದರು. ಕೈಮುಗಿದು ಬಾಗಿಲವರೆಗೂ ಬಂದಿದ್ದೆ.

"ಏನಮ್ಮ," ಅಂತ ಹಿಂದಿನಿಂದ ಕರೆದರು, "ಆ ಯಜಮಾನರಿಗೆ ಹಲ್ಲಿದೆ ತಾನೆ?"

ಪಾಸಾದೆ ಅಂತ ಅಪ್ಪನಿಗೆ ಆಮೇಲೆ ಹೇಳಿದೆ. ಮೊದಲು ಫೋನ್ ಮಾಡಿದ್ದು ಜಂಗಮಕೋಟೆಗೆ.