ಸಾಹೇಬರು ಸತ್ತ ಸಿಹಿಸುದ್ದಿ

ನಮ್ಮ ಸೋದರಮಾವ ಇಡೀ ಪ್ರಪಂಚದಲ್ಲಿ ಒಬ್ಬರ ಮಾತನ್ನಷ್ಟೇ ಕೇಳುವುದು. ಆ ಒಬ್ಬರು ತೀರಿಕೊಂಡು ಎಷ್ಟೋ ಕಾಲವಾಗಿದೆ! ಹೆಂಡತಿ ಹೇಳಿದರೆ ಮಾವನಿಗೆ ಕಿವಿ ಮಂದವಾಗುತ್ತದೆ, ಮಗಳು ಹೇಳಿದರೆ ಫೋನಿನ ಸಿಗ್ನಲ್ ಹೋಗುತ್ತದೆ. ಅಕ್ಕನ ಮಗಳಾದ ನಾನು ಹೇಳಿದರೆ, "ನೀನು ಸುಮ್ನಿರಮ್ಮ, ಸಾಹೇಬರು ಇದ್ದಿದ್ರೆ ಹಾಗೆ ಮಾಡ್ತಿರ್ಲಿಲ್ಲ" ಎಂಬ ಉತ್ತರ ಸಿದ್ಧವಾಗಿರುತ್ತದೆ.

ಮಾವ ಕಡಲೇ ಇಲ್ಲದ ಮೈಸೂರಿನಲ್ಲಿ ಹುಟ್ಟಿ, ಸರಕು ಹಡಗುಗಳಲ್ಲಿ ಇಂಜಿನಿಯರಾಗಿ ಲೋಕ ಸುತ್ತಿದವರು. ಈಗ ಕೆಲಸ ಬಿಟ್ಟು ಆಸ್ಟ್ರೇಲಿಯಾದ ಪರ್ತ್‌ನ ಕ್ಯಾನಿಂಗ್ ವೇಲ್‌ನಲ್ಲಿ ಅತ್ತೆಯ ಜೊತೆ ಇದ್ದಾರೆ. ನಾನಿರುವುದು ಪಕ್ಕದ ವಿಲೆಟನ್‌ನಲ್ಲಿ. ಕರೆದರೂ ಮಾವ ಬರುತ್ತಾರೆ, ಕರೆಯದಿದ್ದರೂ ಬರುತ್ತಾರೆ. ಬಂದವರು "ಹೇಗಿದೀಯಮ್ಮ?" ಎನ್ನುವುದಕ್ಕೆ ಮೊದಲು ನಮ್ಮ ಫ್ರಿಜ್ಜಿನ ಬೆನ್ನು ಮುಟ್ಟಿ ನೋಡುತ್ತಾರೆ. ಫ್ರಿಜ್ಜಿಗೆ ಜ್ವರವಿಲ್ಲ ಎಂದು ಖಾತ್ರಿಯಾದ ಮೇಲೆಯೇ ನನ್ನ ಆರೋಗ್ಯದ ವಿಚಾರಣೆ.

ಸಾಹೇಬರು ಯಾರು ಎಂದಿರಾ? ಹಳೇ ಸಾಮಾನಿನ ಅಂಗಡಿಯಲ್ಲಿ ಮಾವ ಕೊಂಡು ತಂದ ಒಂದು ಮಸುಕು ಫೋಟೋ! ಪೊದೆ ಮೀಸೆ, ಬಿರುಗಣ್ಣು. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಇಲ್ಲಿನ ನೌಕಾದಳದಲ್ಲಿದ್ದ ಇಂಜಿನಿಯರ್ ಅಧಿಕಾರಿ. ಹಿಂಬದಿಯಲ್ಲಿ ಹೆಸರು, ಹುದ್ದೆ ಇತ್ತು, ಅಷ್ಟೇ. ಮಾವ ಅದಕ್ಕೆ ಕಟ್ಟು ಹಾಕಿಸಿ ನಡುಮನೆಯ ಗೋಡೆಗೆ ತೂಗುಹಾಕಿದರು. ಮನೆಗೆ ಬಂದ ಕನ್ನಡ ಸಂಘದ ಆಂಟಿಯೊಬ್ಬರು ಭಕ್ತಿಯಿಂದ ಕೈಮುಗಿದು, "ನಿಮ್ಮ ತಾತನವರಾ ಅಂಕಲ್? ಮೂಗು ಥೇಟ್ ನಿಮ್ದೇ!" ಎಂದರು. ಮಾವ ಅಲ್ಲ ಎನ್ನಲಿಲ್ಲ. ಒಂದು ವಾರ ಕನ್ನಡಿಯಲ್ಲಿ ಮೂಗು ನೋಡಿಕೊಂಡರು.

"ಆ ಕಾಲದಲ್ಲಿ ಡೆಕ್ ಮೇಲಿರೋ ಆಫೀಸರುಗಳಿಗೆ ಇಂಜಿನಿಯರ್ ಅಂದ್ರೆ ತಾತ್ಸಾರ ಕಣೇ," ಎಂದು ಮಾವ ನಿನ್ನೆ ತಾನೇ ಅವಮಾನವಾದವರಂತೆ ಹೇಳುತ್ತಿದ್ದರು. "ತೋಳಿನ ಚಿನ್ನದ ಪಟ್ಟಿಗಳ ಮಧ್ಯೆ ನೇರಳೆ ಬಟ್ಟೆ ಹೊಲಿದು, ಇವನು ಎಣ್ಣೆ ಕೈಯವನು ಅಂತ ಬೇರೆ ಮಾಡಿದ್ರು. ಇವನು ಕೆಳಗಡೆ ಕುದೀದೆ ಇದ್ರೆ ಅವರು ಮೇಲೆ ನಿಂತು ದುರ್ಬೀನು ಹಿಡಿದು ಏನ್ ಮಾಡ್ತಿದ್ರಂತೆ?" ದೀಪಾವಳಿ ಕಾರ್ಯಕ್ರಮದಲ್ಲಿ ಐದು ನಿಮಿಷ ಮೈಕು ಸಿಕ್ಕಾಗಲೂ ಇದೇ ಭಾಷಣ. ಬಾಯ್ಲರಿಗೆ ಕಲ್ಲಿದ್ದಲು ತುಂಬಿ ಹಬೆ ಏರುವ ಹೊತ್ತಿಗೆ ಸಭಿಕರೆಲ್ಲ ಬಿಸಿಬೇಳೆ ಬಾತಿನ ಸಾಲಿನಲ್ಲಿದ್ದರು!

ಲೈಬ್ರರಿಗಳನ್ನು ಜಾಲಾಡಿ ಸಾಹೇಬರ ವೃತ್ತಿಜೀವನವನ್ನೂ ಕಟ್ಟಿದ್ದರು. ಬ್ರಿಸ್ಬೇನಿನ ಬಾಯ್ಲರ್ ಕಾರ್ಖಾನೆಯಲ್ಲಿ ಕೆಲಸ ಕಲಿತದ್ದು, ಪುಟ್ಟ ಯುದ್ಧದೋಣಿಯೊಂದನ್ನು ಹತ್ತಿದ್ದು, ಮೊದಲ ಮಹಾಯುದ್ಧದಲ್ಲಿ ದೊಡ್ಡ ಹಡಗಿನ ಹೊಟ್ಟೆಯೊಳಗೆ ದುಡಿದದ್ದು. ಅಲ್ಲಿಗೆ ಜಾಡು ಕಡಿದುಹೋಗಿತ್ತು. ಆಮೇಲೆ ಸಾಹೇಬರು ಏನಾದರು? ದಡ ಸೇರಿದರೋ, ತಳ ಸೇರಿದರೋ?

ಅಷ್ಟರಲ್ಲಿ ಮಾವನ ಉಸಿರು ಕಟ್ಟತೊಡಗಿತು. ಹೃದಯದ ಒಂದು ವಾಲ್ವ್ ಗಟ್ಟಿಯಾಗಿದೆ, ಬದಲಾಯಿಸಲೇಬೇಕು ಎಂದರು ಡಾಕ್ಟರು. ಬೇರೆಯವರಾಗಿದ್ದರೆ ಹೆದರುತ್ತಿದ್ದರು. ನಮ್ಮ ಮಾವ, "ಎಷ್ಟು ಪ್ರೆಶರ್ ತಡೆಯುತ್ತೆ? ಗ್ಯಾರಂಟಿ ಎಷ್ಟು ವರ್ಷ?" ಎಂದು ಡಾಕ್ಟರನ್ನೇ ಹೆದರಿಸಿದರು. ಹಸುವಿನ ಅಂಗಾಂಶದ್ದೂ ಇದೆ, ಲೋಹದ್ದೂ ಇದೆ ಎಂದಾಗ ಕುರ್ಚಿಯಿಂದ ಅರ್ಧ ಎದ್ದು, "ಮೆಟಲ್! ಚರ್ಮದ ವಾಷರ್ ನಂಬ್ಕೊಂಡು ಹಡಗು ಹೊರಡಲ್ಲ!" ಎಂದು ಕನ್ನಡದಲ್ಲೇ ಅಬ್ಬರಿಸಿದರು. ಪಾಪ, ಆ ಡಾಕ್ಟರು ನನ್ನ ಮುಖ ನೋಡಿದರು.

ಆದರೆ ಆಪರೇಷನ್ನಿಗೆ ದಿನ ಗೊತ್ತು ಮಾಡೋಣ ಎಂದರೆ ಮಾತ್ರ, "ಸಾಹೇಬರ ಕೆಲಸ ಮುಗೀಲಿ. ಅರ್ಧಕ್ಕೆ ಬಿಟ್ಟು ನಾನು ಇನ್ನೊಂದಕ್ಕೆ ಕೈಹಾಕಲ್ಲ" ಎಂಬ ಒಂದೇ ಹಟ. ಡಾಕ್ಟರು ತಡಮಾಡಬೇಡಿ ಎಂದರು, ಮಗಳು ಅತ್ತಳು, ನಾನು ಕೂಗಾಡಿದೆ. ಕಲ್ಲಿನ ಮೇಲೆ ಮಳೆ ಸುರಿದ ಹಾಗೆ! ಕೊನೆಗೆ ಅತ್ತೆ ನನ್ನನ್ನು ಅಡುಗೆಮನೆಗೆ ಕರೆದು ಪಿಸುಗುಟ್ಟಿದರು. "ಆ ಸತ್ತವನು ಎಲ್ಲಿ ಸತ್ತ ಅಂತ ಬೇಗ ಹುಡುಕಿಕೊಡೇ. ಇಲ್ದಿದ್ರೆ ಇವರೂ ಹೋಗ್ತಾರೆ."

ಹೀಗೆ ಡಾಕ್ಟರ ಅಪ್ಪಣೆ ಪಡೆದು ನಾನೂ ಮಾವನೂ ಸಾಹೇಬರು ಕೆಲಸ ಕಲಿತ ಬ್ರಿಸ್ಬೇನಿಗೆ ಹಾರಿದೆವು. ಮಾವನ ಮಗಳ ಮನೆ ಅಲ್ಲೇ. ಮೊಮ್ಮಗ ಫೋಟೋ ನೋಡಿ, "ತಾತಾ, ಈಸ್ ಹಿ ಯುವರ್ ಬಾಸ್?" ಎಂದ. "ಹ್ಞೂಂ" ಎಂದರು ಮಾವ, ಚೂರೂ ನಗದೆ. ಮರುದಿನ ನದಿಯ ದಡದಲ್ಲಿ ದೋಣಿ ಹತ್ತುವ ಕಟ್ಟೆಯಿಂದ ಮೇಲೆ ಬರುವಾಗ ಅವರಿಗೆ ಏದುಸಿರು ಬಂತು. ಬೆಂಚಿನ ಮೇಲೆ ಕೂತುಬಿಟ್ಟರು. ನೀರು ನೋಡುತ್ತಾ ಕೇಳಿದರು.

"ಸಾಹೇಬರು ಕೆಳಗಡೆ ಇಂಜಿನ್ ರೂಮಲ್ಲೇ ಹೋಗ್ಬಿಟ್ಟಿದ್ರೆ?"

"ಹೋಗಿದ್ರೆ ಹೋಗಿದ್ರು. ಅದಕ್ಕೂ ನಿಮ್ಮ ವಾಲ್ವಿಗೂ ಏನು ಸಂಬಂಧ ಮಾವ?"

"ಏನಿಲ್ಲ. ನಮ್ಮಂಥವರೂ ಕೆಲಸ ಮುಗಿಸಿ ಮನೆ ಸೇರಿ, ನೆಮ್ಮದಿಯಾಗಿ ಮುದುಕರಾಗ್ತಾರೆ ಅಂತ ಗೊತ್ತಾಗಬೇಕಿತ್ತು."

ಅಯ್ಯೋ ಮಾವ! ಇಷ್ಟು ದಿನದ ಹಟವೆಲ್ಲ ಬರೀ ಹೆದರಿಕೆ! ಅಂದಿನಿಂದ ನಾನೂ ಸಾಹೇಬರಿಗೆ ದೀರ್ಘಾಯುಷ್ಯ ಕೋರಲು ಶುರುಮಾಡಿದೆ. ಸತ್ತವರಿಗೆ ದೀರ್ಘಾಯುಷ್ಯ ಕೋರಿದವಳು ನಾನೊಬ್ಬಳೇ ಇರಬೇಕು.

ಸ್ಥಳೀಯ ಚರಿತ್ರೆಯಲ್ಲಿ ಆಸಕ್ತಿಯುಳ್ಳ ಒಬ್ಬ ಅಜ್ಜಿ, "ಈ ಆರ್ವೋ ಬನ್ನಿ" ಎಂದು ಮಧ್ಯಾಹ್ನದ ಮೇಲೆ ಮನೆಗೆ ಕರೆದು, ಟೀ ಕೊಟ್ಟು, ಸುಳಿವನ್ನೂ ಕೊಟ್ಟರು. ಆ ಹೆಸರಿನ ಕುಟುಂಬ ಯುದ್ಧದ ನಂತರ ಅಡಿಲೇಡಿಗೆ ಹೋಯಿತಂತೆ. ಹೊರಡಿ ಅಡಿಲೇಡಿಗೆ! ಅಲ್ಲಿನ ಕಿಲ್ಬರ್ನ್‌ನಲ್ಲಿ ಮಾವನ ಹಳೆಯ ಸಹೋದ್ಯೋಗಿಯ ಮನೆಯಲ್ಲಿ ಇಳಿದು, ಬೆಳಗ್ಗೆ ಎದ್ದು ಸ್ಮಶಾನ ಸುತ್ತುವ ಕೆಲಸ. ಮೂರನೆಯ ಸ್ಮಶಾನದಲ್ಲಿ ಮಾವ ಒಂದು ಕಲ್ಲಿನ ಮುಂದೆ ನಿಂತರು. ಕನ್ನಡಕ ಒರೆಸಿದರು. ಮತ್ತೆ ಓದಿದರು. ಸಾಹೇಬರ ಪೂರ್ತಿ ಹೆಸರು, ನೌಕಾದಳದ ನಿವೃತ್ತ ಇಂಜಿನಿಯರ್, ಎಂಬತ್ತೇಳನೆಯ ವಯಸ್ಸಿನಲ್ಲಿ ಸ್ವಗೃಹದಲ್ಲಿ ಶಾಂತಿಯಿಂದ.

"ಹಾಸಿಗೇಲಿ ಸತ್ತಿದಾರೆ ಕಣೇ! ಮನೇಲಿ! ಹಾಸಿಗೇಲಿ!"

ಪಕ್ಕದ ಗೋರಿಗೆ ಹೂವಿಡಲು ಬಂದಿದ್ದ ದಂಪತಿ ಬೆಚ್ಚಿಬಿದ್ದರು. ಮಾವ ಏದುಸಿರು ಬಿಡುತ್ತಲೇ ಅವರ ಬಳಿ ಹೋಗಿ, ಚೀಲದಲ್ಲಿದ್ದ ಪೇಡದ ಡಬ್ಬಿ ತೆಗೆದು ಅವರ ಮುಂದೆ ಹಿಡಿದು, ತಮ್ಮ ಸ್ನೇಹಿತ ಸತ್ತಿರುವುದಾಗಿಯೂ ದಯಮಾಡಿ ಸಿಹಿ ತೆಗೆದುಕೊಳ್ಳಬೇಕಾಗಿಯೂ ಇಂಗ್ಲಿಷಿನಲ್ಲಿ ಬೇಡಿಕೊಂಡರು. ಆ ಪುಣ್ಯಾತ್ಮರು ತಗೊಂಡರು! ಗಂಡ ಎರಡು ತಗೊಂಡ. ನಾನು ಸಮಾಧಿಯ ಮಗ್ಗುಲಲ್ಲಿ ಕೂತು ನಕ್ಕೂ ನಕ್ಕೂ ಅತ್ತುಬಿಟ್ಟೆ. ಅಲ್ಲಿಂದಲೇ ಮಾವ ಆಸ್ಪತ್ರೆಗೆ ಫೋನ್ ಮಾಡಿದರು.

ಆಪರೇಷನ್ ಚೆನ್ನಾಗಿ ಆಯಿತು. ಡಾಕ್ಟರು ಹೊರಗೆ ಬಂದು ಹೆಬ್ಬೆರಳೆತ್ತಿದಾಗ ಅತ್ತೆ ಕೂತಲ್ಲೇ ದೇವರಿಗೆ ಕೈಮುಗಿದರು. ಮಾವ ಮನೆಗೆ ಬಂದ ಮೇಲೆ ಹೊಸ ತಕರಾರು ಶುರುವಾಯಿತು. ಲೋಹದ ವಾಲ್ವ್ ಟಿಕ್ ಟಿಕ್ ಎನ್ನುತ್ತದೆ! ಮನೆ ನಿಶ್ಶಬ್ದವಾಗಿದ್ದರೆ ಪಕ್ಕದಲ್ಲಿ ಕೂತವರಿಗೂ ಕೇಳುತ್ತದೆ.

"ಕೆಟ್ಟ ಫಿಟ್ಟಿಂಗು," ಎಂದು ಮಾವ ಗೊಣಗಿದರು. "ನಿಮ್ಮತ್ತೆಗೆ ಪಕ್ಕದಲ್ಲಿ ಕೂರೋಕೂ ಹಿಂಸೆ."

ಸದ್ದು ಮುಚ್ಚಿಹೋಗಲಿ ಎಂದು ನಾನು ಎದ್ದು ರೇಡಿಯೋ ಹಾಕಿದೆ. ಬಟಾಣಿ ಬಿಡಿಸುತ್ತಿದ್ದ ಅತ್ತೆ ಬಂದು ಅದನ್ನು ಆರಿಸಿಬಿಟ್ಟರು.

"ಇವರು ಹಡಗಲ್ಲಿದ್ದಾಗ ತಿಂಗಳುಗಟ್ಟಲೆ ಸುದ್ದಿ ಇರ್ತಿರ್ಲಿಲ್ಲ ಕಣೇ. ಇದಾರೋ ಇಲ್ವೋ ಅಂತ ಯಾರನ್ನ ಕೇಳೋದು?" ಎಂದು ಬಟಾಣಿಯ ತಟ್ಟೆ ತಂದು ಮಾವನಿಗೆ ಇನ್ನೂ ಹತ್ತಿರ ಕೂತರು. "ಈಗ ಕೇಳಿಸ್ತಾ ಇದೆ. ಕೇಳಿಸಲಿ ಬಿಡು."