ಚಂದ್ರಾವತರಣವೂ ತುಂಗಮ್ಮನ ಮಡಿಸೀರೆಯೂ

ಸಣ್ಣವರ ದೊಡ್ಡ ಜಗಳಗಳನ್ನೂ ಬೇಸರಿಸದೆ ಆಲಿಸುವ ವಾಗ್ದೇವಿಯೇ, ಒಂದು ಗಳಿಗೆ ನನ್ನ ನಾಲಗೆಯ ಮೇಲೆ ಕೂತುಕೋ. ಮನುಷ್ಯಮಾತ್ರನೊಬ್ಬ ಭೂಮಂಡಲದ ಹಂಗು ಹರಿದು, ನಿಶ್ಶಬ್ದ ವ್ಯೋಮಸಾಗರವನ್ನು ದಾಟಿ, ಚಂದ್ರಲೋಕದ ಧೂಳಿನಲ್ಲಿ ಮೊದಲ ಹೆಜ್ಜೆಯೂರಲಿದ್ದ ಆ ಪುಣ್ಯಪ್ರಭಾತದಲ್ಲಿ, ಮೈಸೂರಿನ ನಮ್ಮ ವಠಾರದಲ್ಲಿ ನಡೆದ ಘೋರಸಮರವನ್ನು ಹೇಳುತ್ತೇನೆ. ಆಗ ನಾನು ಲಂಗ ತೊಡುತ್ತಿದ್ದ ಹುಡುಗಿ. ಎಲ್ಲವನ್ನೂ ಕಣ್ಣಾರೆ ಕಂಡಿದ್ದೇನೆ.

ವಠಾರಕ್ಕೆಲ್ಲ ಇದ್ದದ್ದು ಒಂದೇ ರೇಡಿಯೋ. ಅದರ ಒಡೆಯ, ಕಚೇರಿಯಲ್ಲಿ ಗುಮಾಸ್ತ, ಮನೆಯಲ್ಲಿ ತರಂಗವಿದ್ಯಾವಿಶಾರದ, ರೇಡಿಯೋದ ಕಿವಿ ಹಿಂಡುವುದರಲ್ಲಿ ಅದ್ವಿತೀಯ, ಪದ್ಮನಾಭಯ್ಯ. ಅಂಗಳದ ಈ ತುದಿಯಿಂದ ಆ ತುದಿಗೆ ಏರಿಯಲ್ ತಂತಿ ಬಿಗಿದು ಹಿಂದಿನ ದಿನವೇ ಗರ್ಜಿಸಿದ್ದ: "ಅವನು ಅಲ್ಲಿ ಕಾಲಿಡ್ತಿದ್ದ ಹಾಗೇ ಇಲ್ಲಿ ನಿಮ್ಗೆಲ್ಲ ಕೇಳಿಸ್ತೀನಿ. ಇಲ್ದಿದ್ರೆ ನನ್ನ ಹೆಸರು ಪದ್ಮನಾಭನೇ ಅಲ್ಲ!" ಬೆಳಗಾಗುತ್ತಲೇ ನಾವು ಮಕ್ಕಳೆಲ್ಲ ಸ್ಕೂಲಿನ ಚೀಲದ ಸಮೇತ ಅವನ ಚಾಪೆಯ ಮೇಲೆ ಜಮಾಯಿಸಿದೆವು. ನಾನು ತಿಂಡಿಯನ್ನೂ ತಿಂದಿರಲಿಲ್ಲ. ಆ ಸುದ್ದಿಯನ್ನು ಆ ಕ್ಷಣದಲ್ಲೇ ಕೇಳಬೇಕೆಂಬ ಆಸೆ ಅಷ್ಟಿತ್ತು.

"ಇನ್ನೇನು, ಇಳೀತಾನೆ!" ಎಂದ ಪದ್ಮನಾಭಯ್ಯ. ರೇಡಿಯೋ ಗರ್ರ್ ಎಂದು ಜೀವ ಬಿಟ್ಟಿತು.

ಹೊರಗೋಡಿ ನೋಡಿದರೆ, ಆಚಾರಶಿರೋಮಣಿ, ಮುಂಜಾವಿನ ತಣ್ಣೀರಿನಿಂದ ಕಲಿಪುರುಷನನ್ನೇ ನಡುಗಿಸಬಲ್ಲ ತುಂಗಮ್ಮ, ಆಗಷ್ಟೇ ಒಗೆದ ಮಡಿಸೀರೆಯನ್ನು ಕೋಲಿನಿಂದೆತ್ತಿ ಏರಿಯಲ್ ಮೇಲೆ ಹರವಿದ್ದಳು. ಭಾರಕ್ಕೆ ತಂತಿ ಜಗ್ಗಿ ಬಚ್ಚಲುಮನೆಯ ತಗಡಿಗೆ ತಾಗಿತ್ತು.

"ತುಂಗಮ್ಮನೋರೇ, ಸೀರೆ ತೆಗೀರಿ! ಮನುಷ್ಯ ಚಂದ್ರನ ಮೇಲೆ ಇಳೀತಿದಾನೆ!"

"ಇಳೀಲಿ ಬಿಡೋ, ನಾನೇನು ಅಡ್ಡ ಬಂದ್ನಾ? ಇದು ಒಣಗದೆ ನಾನು ಒಲೆ ಹಚ್ಚೋ ಹಾಗಿಲ್ಲ."

"ಹಾಗಾದ್ರೆ ನಾನೇ ತೆಗೀತೀನಿ!"

"ಮುಟ್ಟು ನೋಡೋಣ! ಸ್ನಾನ ಕಾಣದ ಕೈ! ಮೈಲಿಗೆ ಆದ್ರೆ ನಿನ್ನ ಹೆಂಡ್ತೀನೇ ಮತ್ತೆ ನೀರು ಸೇದ್ಕೊಡಬೇಕು!"

ವೀರಾಗ್ರೇಸರ ಪದ್ಮನಾಭಯ್ಯ ಛತ್ರಿಯನ್ನು ಗದೆಯಂತೆ ಎತ್ತಿದ. ತುಂಗಮ್ಮ ಮಡಿಕೋಲನ್ನು ಅಡ್ಡ ಹಿಡಿದಳು. ಛತ್ರಿ ಕೋಲಿಗೆ ತಗುಲಿ ಟಕ್ಕೆಂದಿತು. ಆ ಮಹಾಸಂಗ್ರಾಮದ ಏಕೈಕ ಆಯುಧಪ್ರಹಾರ ಇದೇ. ಉಳಿದದ್ದೆಲ್ಲ ಬಾಯಲ್ಲೇ ನಡೆಯಿತು. ಯಾರು ಬಚ್ಚಲು ತೊಳೆಯಲಿಲ್ಲ, ಯಾರ ಮನೆಯ ಮುಸುರೆ ಯಾರ ರಂಗೋಲಿಯ ಮೇಲೆ ಹರಿಯಿತು, ಎಲ್ಲವೂ ಹೊರಬಿತ್ತು. ಅಲ್ಲೊಬ್ಬ ಲಕ್ಷಾಂತರ ಮೈಲಿ ದಾಟಿದ್ದಾನೆ. ಇಲ್ಲಿ ಎರಡು ದೊಡ್ಡ ಜೀವಗಳಿಗೆ ಒಂದು ಸೀರೆ ದಾಟಲಾಗುತ್ತಿಲ್ಲ. ಥೂ! ನನಗೆ ಇವತ್ತಿಗೂ ಮೈ ಉರಿಯುತ್ತದೆ.

ತಡೆಯಲಾರದೆ ಗೊಳೋ ಎಂದು ಅತ್ತುಬಿಟ್ಟೆ.

"ಅಯ್ಯೋ, ಈ ಕೂಸು ಯಾಕೆ ಅಳ್ತಿದೆ?" ಎಂದಳು ತುಂಗಮ್ಮ.

"ನಂಗೆ ರೇಡಿಯೋ ಕೇಳ್ಬೇಕು, ಅಜ್ಜಿ."

"ಹೀಗೆ ನೆಟ್ಟಗೆ ಕೇಳಿದ್ರೆ ಆಗಲೇ ತೆಗೀತಿದ್ನಲ್ಲ!" ಎನ್ನುತ್ತಾ ಸೀರೆಯನ್ನು ಕೋಲಿನ ಮೇಲೆ ಎತ್ತಿಕೊಂಡಳು.

ರೇಡಿಯೋಗೆ ಜೀವ ಬಂತು. ಅಷ್ಟೊತ್ತಿಗೆ ಅಲ್ಲಿ ಟೊಮೇಟೊ ಗಿಡದ ಎಲೆಮುರುಟು ರೋಗದ ಮೇಲೆ ಗಂಭೀರ ಭಾಷಣ ಸಾಗಿತ್ತು. "ಇರ್ರೋ, ಇದಾದ ಮೇಲೆ ಮತ್ತೆ ವಾರ್ತೆ ಇದೆ," ಎಂದು ಪದ್ಮನಾಭಯ್ಯ ಮೀಸೆ ತಿರುವಿದ. ನಾವು ಟೊಮೇಟೊ ರೋಗವನ್ನು ಉಸಿರು ಬಿಗಿಹಿಡಿದು ಕೇಳುತ್ತಾ ಕೂತೆವು.

ತುಂಗಮ್ಮನಿಗೂ ಕುತೂಹಲ. ಹೊಸ್ತಿಲಾಚೆಯಿಂದಲೇ ಕೇಳಿದಳು: "ಇಳಿದ್ನಂತೇನೋ?"

"ಇಳಿದಿರ್ತಾನೆ ಬಿಡಿ! ಇಷ್ಟೊತ್ತಿಗೆ ಚಂದ್ರನ ಮೇಲೆ ಓಡಾಡ್ತಿರ್ತಾನೆ!"

"ಬರಿಗಾಲಲ್ಲಿ ತಾನೇ?"

ವಿಜಯಮದೋನ್ಮತ್ತನಾದ ಆ ವೀರ ಬಾಯಿ ಮುಚ್ಚಿಕೊಂಡಿರಬಹುದಿತ್ತು. "ಬರಿಗಾಲೇ? ಮೊಣಕಾಲುದ್ದ ಬೂಟು!" ಎಂದ.

ಪ್ರತಿ ಸಂಕಷ್ಟಿಗೂ ಉಪವಾಸವಿದ್ದು ಅದೇ ಚಂದ್ರನಿಗೆ ಅರ್ಘ್ಯ ಕೊಡುವವಳು ತುಂಗಮ್ಮ. "ರಾಮ ರಾಮ, ಮೈಲಿಗೆ!" ಎಂದು ಕಿವಿ ಮುಚ್ಚಿಕೊಂಡು, ಸೀರೆಯ ಸಮೇತ ಬಚ್ಚಲಿಗೆ ನಡೆದಳು. ದಬದಬ ನೀರು ಬಿದ್ದ ಸದ್ದು ಕೇಳಿಸಿತು.

"ಈಗ ಚಂದ್ರಲೋಕದಿಂದ ಬಂದಿರುವ ಸುದ್ದಿ," ಎಂದಿತು ರೇಡಿಯೋ.

ಅಂಗಳದಲ್ಲಿ ತುಂಗಮ್ಮ ಒದ್ದೆ ಸೀರೆಯನ್ನು ಕೋಲಿನಿಂದೆತ್ತಿ, ಅದೇ ತಂತಿಯ ಮೇಲೆ ಹರವಿದಳು.